ಕಾಲು ನೋಡುವ ಸಾಲು

ಕ್ಯಾಪ್ಟನ್ನಿನ ಹಳದಿ ಪಟ್ಟಿ ಅಂಜನಾಳ ತೋಳಿಗೆ ಚೆನ್ನಾಗಿ ಒಪ್ಪುತ್ತಿತ್ತು. ಸರೋಜಾಳ ಸಂಕಟ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಅದು ಜಾರಿ ಜಾರಿ ಮೊಣಕೈಗೆ ಬರುತ್ತಿದ್ದರೆ, ಆಟದ ನಡುವೆ ಎಳೆದೆಳೆದು ಸರಿಮಾಡಿಕೊಳ್ಳಬೇಕಾಗಿ ಬಂದಿದ್ದರೆ, ಒಂದಿಷ್ಟು ಸಮಾಧಾನವಿರುತ್ತಿತ್ತು. ಸರೋಜಾಳ ತೋಳಿನಲ್ಲಿದ್ದಷ್ಟು ಕಾಲ ಅದು ಹಾಗೇ ಜಾರುತ್ತಿತ್ತು. ಪಿನ್ನು ಚುಚ್ಚಿಕೊಂಡು ಆಡುತ್ತಿದ್ದಳು.

ಬಳ್ಳಾರಿಯ ಮೈದಾನದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಿರುಗುಪ್ಪದ ಹುಡುಗಿಯರು ಬೂಟಿನ ಲೇಸು ಬಿಗಿಯುತ್ತಿದ್ದರು. ಜಿಲ್ಲೆಯ ಮಹಿಳಾ ಫುಟ್‌ಬಾಲ್ ಲೀಗಿನಲ್ಲಿ ಬಿ ಡಿವಿಜನ್ನಿನಿಂದ ಎ ಡಿವಿಜನ್ನಿಗೆ ಏರಲು ಇನ್ನೊಂದೇ ಜಾಗ ಉಳಿದಿತ್ತು. ಆ ಜಾಗಕ್ಕೆ ಇವತ್ತು ಸಿರುಗುಪ್ಪಕ್ಕೂ ಕುರುಗೋಡಿಗೂ ಪ್ಲೇ-ಆಫ್ ಫೈನಲ್. ಗೆದ್ದವರು ಮೇಲೆ ಹೋಗುತ್ತಾರೆ, ಸೋತವರು ಇದ್ದಲ್ಲೇ ಇರುತ್ತಾರೆ.

ಕೋಚ್ ಚನ್ನಬಸವರಾಜ ಸರ್ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಸಿರುಗುಪ್ಪದ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು ಅವರು. ಎದುರಿಗಿದ್ದವರು ಎಷ್ಟೇ ಹತ್ತಿರವಿದ್ದರೂ ಬಯಲಿನಾಚೆ ಇದ್ದಾರೇನೋ ಎಂಬಂತೆ ಮಾತಾಡುತ್ತಿದ್ದರು.

"ಏ ಹುಡುಗೀರಾ, ಕೇಳ್ರಿ ಇಲ್ಲಿ! ಇವತ್ತು ಗೆದ್ರ ಎ ಡಿವಿಜನ್ನಾಗೂ ಅಂಜನಾ ಮೇಡಮ್ಮೇ ಕ್ಯಾಪ್ಟನ್. ಕಾಲೇಜಿನೋರ ಕೂಡ ಮಾತಾಡೀನಿ, ಇನ್ನೊಂದು ವರ್ಷ ಇಟ್ಕೋತಾರಂತ. ಸೋತ್ರ ಮೇಡಂ ವಾಪಸ್ ಬಳ್ಳಾರಿಗೆ. ಮೇಡಂನ ಕಳಸಬೇಕೋ ಇಟ್ಕೋಬೇಕೋ, ನೀವೇ ನೋಡ್ರಿ!"

"ಇಟ್ಕೊಳ್ಳೋಣ್ರಿ ಸರ್!" ಎಂದು ಹುಡುಗಿಯರೆಲ್ಲ ಕೂಗಿದರು. ಸರೋಜಾ ಬಗ್ಗಿ ಲೇಸು ಕಟ್ಟಿದಳು. ಅದನ್ನು ಆಗಲೇ ಕಟ್ಟಿಯಾಗಿತ್ತು.

ಅಂಜನಾ ಬಳ್ಳಾರಿಯ ಹುಡುಗಿ. ಅವಳಪ್ಪನದು ಜೀನ್ಸ್ ಹೊಲಿಯುವ ಯೂನಿಟ್ಟು. ಹೋದ ವರ್ಷ ಸಿರುಗುಪ್ಪದ ಕಾಲೇಜಿಗೆ ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕಿಯಾಗಿ ಬಂದವಳು, ಒಂದು ಸಂಜೆ ಇವರ ಪ್ರಾಕ್ಟೀಸು ನೋಡಲು ನಿಂತಳು; ಮರುದಿನ ಬೂಟು ಹಾಕಿಕೊಂಡು ಬಂದಳು. ತಿಂಗಳೊಳಗೆ ಟ್ರಾಕ್ಟರ್ ಷೋರೂಮಿನ ಹೆಸರಿದ್ದ ಹಳೆಯ ಟೀ-ಶರ್ಟುಗಳು ಹೋಗಿ, ಅವಳಪ್ಪನ ಯೂನಿಟ್ಟಿನಲ್ಲಿ ಹೊಲಿದ ನೀಲಿ ಜರ್ಸಿಗಳು ಬಂದವು. ಬೆನ್ನ ಮೇಲೆ ಹೆಸರೂ ಇತ್ತು. ತನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಸರೋಜಾ ಮೊದಲ ಸಲ ನೋಡಿದ್ದು ಆ ಜರ್ಸಿಯ ಮೇಲೆಯೇ. ಖುಷಿಯಾಗಿತ್ತು. ಆ ಖುಷಿಯನ್ನು ಕೊಟ್ಟವಳು ಅಂಜನಾ ಎಂಬುದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು.

ಪಟ್ಟಿ ಕೈಬದಲಾದ ದಿನ ಸರ್ ಅವಳನ್ನು ಪಕ್ಕಕ್ಕೆ ಕರೆದು, "ಸರೋಜಾ, ನೀ ಆಡೋದು ಭಾರಿ ಚಲೋ ಆಡ್ತೀ ಬಿಡು. ಆದ್ರ ಬಾಯೇ ಇಲ್ಲವ್ವ ನಿಂಗ. ಡಿಫೆನ್ಸ್ ನಡಸೋಳು ಕೂಗಬೇಕು. ಮೇಡಂ ನೋಡು, ಕೂಗಿದ್ರ ತೆಕ್ಕಲಕೋಟಿಗೆ ಕೇಳಸ್ತೈತಿ," ಎಂದಿದ್ದರು. ಸರೋಜಾ ತಲೆಯಾಡಿಸಿ ಪಿನ್ನು ಬಿಚ್ಚಿ ಕೊಟ್ಟಿದ್ದಳು. ಮನೆಗೆ ಬಂದು ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ, ಹೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವಳಿಗೆ ಯಾವತ್ತೂ ಹಾಗೇ.

ಸರ್‌ಗೂ ಗೊತ್ತಿಲ್ಲದ, ಅಂಜನಾಳಿಗಂತೂ ಗೊತ್ತೇ ಇಲ್ಲದ ಒಂದು ಸಂಗತಿ ಸರೋಜಾಳಿಗೆ ಗೊತ್ತಿತ್ತು.

ತಂಡದ ಹಿಂದಿನ ಸಾಲಿನಲ್ಲಿ ನಾಲ್ವರು: ಎಡಕ್ಕೆ ಎರ್ರಿ, ನಡುವೆ ಸರೋಜಾ ಮತ್ತು ಜಂಬಮ್ಮ, ಬಲತುದಿಗೆ ಅಂಜನಾ. ಎರ್ರಿ, ಜಂಬಮ್ಮ, ಸರೋಜಾ ಮೂವರೂ ದೇಶನೂರಿನವರು, ಒಂದೇ ನಾಟಿ ಗ್ಯಾಂಗಿನವರು. ಕಾಲುವೆ ನೀರು ಬಿಟ್ಟಾಗ ಭತ್ತದ ಸಸಿ ಹಚ್ಚಲು ಗದ್ದೆಗೆ ಇಳಿದರೆ ಸಾಲಾಗಿ ಬಗ್ಗಿ ಹಿಂದಹಿಂದಕ್ಕೆ ನಡೆಯಬೇಕು. ತಲೆ ಎತ್ತಿ ನೋಡುತ್ತ ನಿಂತರೆ ಕೆಲಸ ಸಾಗುವುದಿಲ್ಲ, ಮಾತಾಡಿಕೊಂಡು ಹೆಜ್ಜೆ ಇಡಲೂ ಆಗುವುದಿಲ್ಲ. ನಡುವಿನಲ್ಲಿರುವ ಮುಂದಾಳಿನ ಕಾಲನ್ನು ಕಣ್ಣಂಚಿನಲ್ಲೇ ನೋಡುತ್ತಿರಬೇಕು. ಆ ಕಾಲು ಕೆಸರಿನಿಂದ ಎದ್ದರೆ ಎಲ್ಲರ ಕಾಲೂ ಏಳುತ್ತದೆ, ನಿಂತರೆ ಎಲ್ಲರೂ ನಿಲ್ಲುತ್ತಾರೆ. ಮೊದಲು ಸರೋಜಾಳ ಅವ್ವ ಗಿಡ್ಡಮ್ಮ ಮುಂದಾಳಾಗಿದ್ದಳು. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ, ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಸರೋಜಾ ಆ ಜಾಗಕ್ಕೆ ನಿಂತಳು.

ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ಚೆಂಡು ಒದೆಯುವುದನ್ನು ಕಲಿತ ಈ ಹುಡುಗಿಯರು ಆ ಅಭ್ಯಾಸವನ್ನು ಮೈದಾನಕ್ಕೂ ತಂದಿದ್ದರು. ಎದುರಾಳಿ ಚೆಂಡನ್ನು ಉದ್ದಕ್ಕೆ ಒದೆಯುವ ಹೊತ್ತಿಗೆ ಹಿಂದಿನ ಸಾಲಿನವರೆಲ್ಲ ಒಟ್ಟಿಗೆ ಮುಂದಕ್ಕೆ ಹಾರಿದರೆ, ನುಗ್ಗಲು ಕಾದಿದ್ದವಳು ಒಬ್ಬಳೇ ಹಿಂದೆ ಉಳಿದುಬಿಡುತ್ತಾಳೆ, ಬಾವುಟ ಏಳುತ್ತದೆ, ಆಫ್‌ಸೈಡ್. ಸಾಲಿನಲ್ಲಿ ಒಬ್ಬಳು ತಪ್ಪಿದರೂ ಮುಗಿಯಿತು, ಗೋಲಿನ ದಾರಿ ಬಯಲು. ಸಿರುಗುಪ್ಪದ ಸಾಲು ಈ ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಬಲತುದಿಯಿಂದ ಅಂಜನಾ "ಏಳ್ರೀ!" ಎಂದು ಕೂಗುತ್ತಿದ್ದಳು, ಸಾಲು ಏಳುತ್ತಿತ್ತು. ತನ್ನ ಕೂಗಿಗೇ ಏಳುತ್ತಿದೆ ಎಂದು ಅವಳು ನಂಬಿದ್ದಳು. ಎರ್ರಿಯೂ ಜಂಬಮ್ಮನೂ ನೋಡುತ್ತಿದ್ದದ್ದು ಸರೋಜಾಳ ಕಾಲನ್ನು. ಅವರಿಗೂ ಅದು ಗೊತ್ತಿತ್ತೋ ಇಲ್ಲವೋ. ಉಸಿರಾಡುವುದು ಯಾರಿಗೆ ಗೊತ್ತಾಗುತ್ತದೆ?

ಸರೋಜಾ ಹೇಳಲಿಲ್ಲ. ಪಟ್ಟಿ ಹೋದ ಮೇಲೆ ಅವಳಿಗೆ ಉಳಿದಿದ್ದದ್ದು ಅದೊಂದೇ.

ಮೈದಾನಕ್ಕೆ ಇಳಿಯುವ ಮುಂಚೆ ಪೇಪರಿನವರೊಬ್ಬರು ಅಂಜನಾಳ ಮುಂದೆ ಮೊಬೈಲು ಹಿಡಿದು, "ಸಿರುಗುಪ್ಪದ ಡಿಫೆನ್ಸ್ ಇಷ್ಟು ಶಿಸ್ತಿಂದ ಹೆಂಗ್ರಿ ಮೇಡಂ? ಒಂದು ದಾರದಾಗ ಪೋಣಿಸಿದಂಗ ಇರ್ತೈತಿ," ಎಂದು ಕೇಳಿದರು.

"ಏನಿಲ್ರಿ ಸರ್," ಅಂಜನಾ ನಕ್ಕಳು. "ಬಂದಾಗ ಇವರಿಗೆ ಆಫ್‌ಸೈಡ್ ಅಂದ್ರೇನಂತ ನಾನು ಹೇಳಿಕೊಟ್ಟೆ. ನಾ ಕೂಗ್ತೀನಿ, ಸಾಲು ಏಳತೈತಿ. ಅಷ್ಟೇ."

ಹೇಳಿಕೊಟ್ಟೆ! ಸರೋಜಾಳ ಕಿವಿ ಕಾದವು. ಎರ್ರಿ ಮೊಣಕೈಯಿಂದ ತಿವಿದು, "ಪೇಪರ್‌ನಾಗ ನಮ್ಮ ಹೆಸರೂ ಬರ್ತೈತೇನಲೇ?" ಎಂದಳು. "ಬರ್ತೈತಿ, ನಡಿ," ಎಂದಳು ಸರೋಜಾ.

ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಮೈದಾನದ ಕೆಂಪು ಧೂಳು ಒಂದೊಂದು ಒದೆತಕ್ಕೂ ಎದ್ದು ಬೆವರಿಗೆ ಮೆತ್ತಿಕೊಳ್ಳುತ್ತಿತ್ತು. ಕುರುಗೋಡಿನಿಂದ ಎರಡು ಟಂಟಂ ಗಾಡಿ ತುಂಬ ಹುಡುಗರು ಬಂದಿದ್ದರು. ಮೊಣಕಾಲಿಗೆ ಕೈಯೂರಿ ಬಗ್ಗಿ ನಿಲ್ಲುವುದು ಸರೋಜಾಳ ರೂಢಿ. ಗೇಲಿ ಮಾಡಲು ಆ ಹುಡುಗರಿಗೆ ಅದೇ ಸಿಕ್ಕಿತು.

"ಏ ಐದನೇ ನಂಬರಕ್ಕ! ಸಸಿ ತಂದೀಯೇನು? ಯಾಕ ಬಗ್ಗಿ ನಿಂತಿ?"

"ನಿಮ್ಮ ಹೊಲಕ್ಕೂ ಬಂದು ಹಚ್ತೇವಲೇ," ಎರ್ರಿ ತಿರುಗಿ ಕೂಗಿದಳು, "ಮೊದ್ಲ ಒಂದು ಹೊಲ ತಗೋ ಹೋಗು!"

ಮೆಟ್ಟಿಲಿನ ಮೇಲೆ ನಗೆ ಹಬ್ಬಿತು. ಕುರುಗೋಡಿನವರೂ ನಕ್ಕರು.

ಮೊದಲರ್ಧದಲ್ಲಿ ಸಿರುಗುಪ್ಪ ಒಂದು ಗೋಲು ಹೊಡೆಯಿತು. ಬಲಗಡೆಯಿಂದ ಅಂಜನಾ ಉದ್ದಕ್ಕೆ ಕಳಿಸಿದ ಚೆಂಡು ಮುಂದಿನವಳ ಕಾಲಿಗೆ ತಾನೇ ಹುಡುಕಿಕೊಂಡು ಹೋದಂತಿತ್ತು. ಅವಳು ಸುಮ್ಮನೆ ತಳ್ಳಿದಳು. ಗೋಲು ಹೊಡೆದವಳನ್ನು ಬಿಟ್ಟು ಎಲ್ಲರೂ ಅಂಜನಾಳ ಮೇಲೆ ಬಿದ್ದರು. ಮೆಟ್ಟಿಲಲ್ಲಿ ಅವಳಪ್ಪ ಎದ್ದು ನಿಂತು ಎರಡೂ ಕೈ ಎತ್ತಿದ್ದರು. ಅಕ್ಕಪಕ್ಕದವರಿಗೆ 'ನನ್ನ ಮಗಳು' ಎಂದು ಹೇಳುತ್ತಿದ್ದದ್ದು ಇಲ್ಲಿಂದಲೇ ತಿಳಿಯುತ್ತಿತ್ತು. ಸರೋಜಾಳ ಮನೆಯಿಂದ ಯಾರೂ ಬಂದಿರಲಿಲ್ಲ. ಗಿಡ್ಡಮ್ಮ, "ಬಿದ್ದು ಕಾಲು ಮುರ್ಕೋಬ್ಯಾಡ, ಸೋಮವಾರ ಕಳೆ ತೆಗಿಯಾಕ ಹೋಗೋದೈತಿ," ಎಂದು ಕಳಿಸಿದ್ದಳು.

ಸರೋಜಾ ಚೆನ್ನಾಗಿ ಆಡಿದಳು. ಬಾದನಹಟ್ಟಿಯ ಪಂಪಾವತಿ ಎಂಬ ಹುಡುಗಿ ಕುರುಗೋಡಿನ ಮುಂದಾಟಗಾರ್ತಿ, ಬಾಣದಂಥ ಓಟ. ಅವಳು ಮತ್ತೆ ಮತ್ತೆ ಆಫ್‌ಸೈಡಿಗೆ ಸಿಕ್ಕಿಬಿದ್ದು ನೆಲ ಒದ್ದಳು. ಪ್ರತಿ ಸಲವೂ ಬಾವುಟ ಎದ್ದಾಗ ಸರ್ ಮೈದಾನದ ದಡದಿಂದ, "ಶಭಾಷ್ ಮೇಡಂ! ಎಂಥಾ ಕೂಗು!" ಎನ್ನುತ್ತಿದ್ದರು.

ಪ್ರತಿ ಸಲವೂ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿತ್ತು. ಕುರುಗೋಡಿನವರು ಎದೆಗುಂದಿದ್ದರು. ಸರೋಜಾಳ ಮನಸ್ಸು ಗೆದ್ದ ಮೇಲಿನದನ್ನೆಲ್ಲ ನೋಡುತ್ತಿತ್ತು: ಅಂಜನಾಳ ಕೈಯಲ್ಲಿ ಕಪ್, ಇನ್ನೊಂದು ವರ್ಷ ಆ ಹಳದಿ ಪಟ್ಟಿ, ಇನ್ನೊಂದು ವರ್ಷ 'ಎಂಥಾ ಕೂಗು'. ಮೈದಾನದ ಮಧ್ಯದಲ್ಲಿ ಕುರುಗೋಡಿನ ಒಬ್ಬಳು ಚೆಂಡನ್ನು ಎತ್ತಿ ಒದೆಯಲು ಕಾಲು ಹಿಂದೆಳೆದಳು. ಪಂಪಾವತಿ ತುದಿಗಾಲಲ್ಲಿ ನಿಂತಳು.

"ಏಳ್ರೀ!" ಅಂಜನಾ ಕೂಗಿ ಮುಂದಕ್ಕೆ ಹಾರಿದಳು.

ಕೂಗು ಸರೋಜಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಕೂಗದಿದ್ದರೂ ಅವಳಿಗೆ ಗೊತ್ತಿತ್ತು. ಒದೆಯುವವಳ ಸೊಂಟ ತಿರುಗಿದ್ದನ್ನು ಅಂಜನಾಳಿಗಿಂತ ಮುಂಚೆ ಅವಳೇ ಕಂಡಿದ್ದಳು. ಕಾಲು ಏಳಲು ಸಿದ್ಧವಾಗಿತ್ತು. ಅವಳು ಅದನ್ನು ಏಳಗೊಡಲಿಲ್ಲ. ಕೂಗು, ಈಗ ಕೂಗು ನೋಡೋಣ, ಯಾರು ಏಳುತ್ತಾರೆ ನಿನ್ನ ಕೂಗಿಗೆ. ಇಷ್ಟೇ, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಯೋಚನೆ.

ಎರ್ರಿ ಏಳಲಿಲ್ಲ. ಜಂಬಮ್ಮ ಏಳಲಿಲ್ಲ. ಬಲತುದಿಯಲ್ಲಿ ಅಂಜನಾ ಒಬ್ಬಳೇ, ಬಸ್ಸು ತಪ್ಪಿದವಳಂತೆ ಕೈಯೆತ್ತಿಕೊಂಡು ಮುಂದೆ ನಿಂತಿದ್ದಳು. ಅವಳು ಬಿಟ್ಟುಬಂದ ಜಾಗದಿಂದಲೇ ಪಂಪಾವತಿ ನುಗ್ಗಿದಳು. ಬಾವುಟ ಏಳಲಿಲ್ಲ. ಚೆಂಡು ಬಲೆಯೊಳಗೆ ಹೋಗಿ ಸದ್ದಿಲ್ಲದೆ ಕೂತಿತು.

ಆಮೇಲಿನ ಸದ್ದೆಲ್ಲ ಕುರುಗೋಡಿನವರದು.

"ಮೇಡಂ!" ಸರ್ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. "ಏನ್ ಮಾಡಿಬಿಟ್ರಿ ಮೇಡಂ! ಒಬ್ರೇ ಯಾಕ ಹೋದ್ರಿ?"

ಮೆಟ್ಟಿಲಲ್ಲಿ ಅಂಜನಾಳಪ್ಪ ಕೂತುಬಿಟ್ಟಿದ್ದರು. ಸರೋಜಾ ಕಾದಿದ್ದ ಗಳಿಗೆ ಇದೇ. ಒಳಗೆ ಒಂದು ತಣ್ಣನೆಯ ಸುಖ ನೀರು ಬಿಟ್ಟ ಗದ್ದೆಯಂತೆ ಹರಡಿತು. ಅದು ಹರಡುತ್ತಿದ್ದಂತೆಯೇ ಪಕ್ಕದಲ್ಲಿ ಎರ್ರಿ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡಳು. "ಅಯ್ಯೋ ದೇವ್ರೇ, ಗೆದ್ದಿದ್ವಲ್ಲಲೇ," ಎನ್ನುತ್ತಿದ್ದಳು. ಸರೋಜಾ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ ಇಡಲಾರದೆ ನಿಂತಳು.

ಸಮಸಮವಾದ್ದರಿಂದ ಹೆಚ್ಚಿನ ಸಮಯ ಆಡಬೇಕಿತ್ತು. ನೀರು ಕುಡಿಯಲು ಬಿಟ್ಟ ವಿರಾಮದಲ್ಲಿ ಅಂಜನಾ ನೇರ ಸರೋಜಾಳ ಹತ್ತಿರ ಬಂದು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. ಮುಖವೆಲ್ಲ ಕೆಂಪು ಧೂಳು, ಕಣ್ಣ ಕೆಳಗೆ ಮಾತ್ರ ತೊಳೆದಿತ್ತು.

"ನೀ ನಿಂತಿ."

ಸರೋಜಾ ತೋಳು ಬಿಡಿಸಿಕೊಂಡಳು.

"ನಾ ನೋಡೀನಿ ಸರೋಜಾ. ಹಿಂದ ತಿರುಗಿದೆ, ಆ ಇಬ್ರೂ ನಿನ್ನ ಕಾಲು ನೋಡಾಕತ್ತಿದ್ರು. ನನ್ನ ಮಾರಿ ಅಲ್ಲ. ಕಾಲು! ಇಡೀ ವರ್ಷ ನಾ ಗಂಟಲು ಹರ್ಕೊಂಡೀನಿ, ಇವರು ನಿನ್ನ ಕಾಲು ನೋಡಿ ಆಡ್ಯಾರ. ಹೌದಿಲ್ಲೋ?"

"ನಾನೇನು ನೋಡಂತ ಹೇಳಿಲ್ಲ ಅವರಿಗೆ."

"ನಂಗಾರ ಹೇಳಬೇಕಿತ್ತಲೇ!" ಅಂಜನಾಳ ದನಿ ಒಡೆಯಿತು. ಅವಳ ಬಾಯಲ್ಲಿ ಸರೋಜಾ ಮೊದಲ ಸಲ 'ಲೇ' ಕೇಳಿದ್ದು. "ಹುಚ್ಚಿಗತೆ ಕೂಗಾಕ ಬಿಟ್ಟು ಒಳಗೊಳಗ ನಕ್ಕೀ ಏನು?"

ನಕ್ಕಿದ್ದಳು.

ಅಂಜನಾ ಅಂಗೈಯಿಂದ ಮೂಗು ಒರೆಸಿಕೊಂಡಳು. "ಕೇಳು. ಹಿಂದ ನೀವು ಮೂರೇ ಮಂದಿ ಇರ್ರಿ. ನಾ ಮುಂದ ಹೋಗ್ತೀನಿ. ಅಲ್ಲಾದ್ರೂ ನನ್ನ ಕಡಿ ಯಾರಾದ್ರೂ ನೋಡ್ಲಿ. ನಿನ್ನ ಸಾಲು ನೀನೇ ಇಟ್ಕೋ." ಸರೋಜಾಳ ಕಣ್ಣು ಹಳದಿ ಪಟ್ಟಿಯ ಮೇಲೆ ಹೋದದ್ದನ್ನು ಕಂಡು, ಅದನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. "ಇದು ಕೊಡಂಗಿಲ್ಲ."

ಸರ್‌ಗೆ ಅವಳು ಏನು ಹೇಳಿದಳೋ, ಅವರು ತಲೆ ಕೆರೆದುಕೊಂಡು ಒಪ್ಪಿದರು.

ಹೆಚ್ಚಿನ ಸಮಯದಲ್ಲಿ ಕುರುಗೋಡಿನವರು ಮೈಮೇಲೆ ಬಂದವರಂತೆ ಆಡಿದರು. ಮೂವರ ಸಾಲಿನ ಮೇಲೆ ಅಲೆಯ ಮೇಲೆ ಅಲೆ. ಸರೋಜಾಳಿಗೆ ಮಾತಿನ ಅಗತ್ಯವೇ ಬೀಳಲಿಲ್ಲ. ಅವಳ ಕಾಲು ಎದ್ದರೆ ಎಡಕ್ಕೆ ಎರ್ರಿ, ಬಲಕ್ಕೆ ಜಂಬಮ್ಮ. ಇಳಿದರೆ ಇಬ್ಬರೂ ಇಳಿದರು. ಪಂಪಾವತಿ ಮತ್ತೆ ಬಾವುಟಕ್ಕೆ ಸಿಕ್ಕಿ, "ಇವರೇನು ಅವಳಿ ಜವಳಿ ಹುಟ್ಯಾರೇನ್ರಿ!" ಎಂದು ರೆಫರಿಯ ಮೇಲೆ ಹರಿಹಾಯ್ದಳು. ಈ ಸಲ ದಡದಿಂದ ಯಾರ ಹೆಸರೂ ಕೇಳಿಬರಲಿಲ್ಲ. ಕೂಗು ಇರಲಿಲ್ಲವಲ್ಲ, ಯಾರಿಗೆ ಶಭಾಷ್ ಎನ್ನುವುದು? ಸರ್‌ ಮುಂದಿನ ಕಡೆಯನ್ನೇ ನೋಡುತ್ತಿದ್ದರು.

ಅಲ್ಲಿ ಅಂಜನಾ ಇದ್ದಳು. ಅವಳನ್ನು ತಡೆದು ಗೊತ್ತಿಲ್ಲದ ಕುರುಗೋಡಿನ ಹುಡುಗಿಯರು ಕಂಗಾಲಾಗಿದ್ದರು. ಕೊನೆಗೆ ಒಂದು ಕಾರ್ನರ್ ಕಿಕ್ ಬಂತು. ಚೆಂಡು ಬಿಸಿಲಿಗೆ ಅಡ್ಡವಾಗಿ ಏರಿತು. ಗುಂಪಿನ ನಡುವಿನಿಂದ ಅಂಜನಾ ಎಲ್ಲರಿಗಿಂತ ಒಂದು ತಲೆ ಮೇಲೆ ಎದ್ದಳು. ಹಣೆಗೆ ಬಡಿದ ಸದ್ದು ಇತ್ತ ಕಡೆಯ ಗೋಲಿನ ತನಕ ಕೇಳಿಸಿತು.

ಎರ್ರಿ, ಜಂಬಮ್ಮ ಕಿರುಚುತ್ತ ಓಡಿದರು. ಸರೋಜಾಳೂ ಓಡಿದಳು. ಓಡುವಾಗ ಅವಳಿಗೆ ಹೊಳೆದದ್ದು ಒಂದೇ: ತಾನು ನಿಂತಿದ್ದರಿಂದ ಇವಳು ಮುಂದೆ ಹೋದಳು, ಇವಳ ಮೇಲಿನ ಹೊಟ್ಟೆಕಿಚ್ಚೇ ಇವಳ ಕೈಯಲ್ಲಿ ಗೋಲು ಹೊಡೆಸಿತು. ಆನಂದದಿಂದ ಕೂಗುತ್ತಿದ್ದ ಆ ಗುಂಪಿನೊಳಗೆ ಸೇರಿ ಅವಳೂ ಅಂಜನಾಳ ಬೆನ್ನಿಗೆ ಬಡಿದಳು. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬಿತ್ತು.

ಕಪ್ ತೆಗೆದುಕೊಳ್ಳಲು ಅಂಜನಾ ಒಬ್ಬಳೇ ವೇದಿಕೆ ಹತ್ತಿದಳು. ಹತ್ತುವ ಮುಂಚೆ ಒಮ್ಮೆ ತಿರುಗಿ ಸರೋಜಾಳನ್ನು ನೋಡಿದಳು. ಈಗ ಕರೆಯುತ್ತಾಳೆ ಎಂದುಕೊಂಡಳು ಸರೋಜಾ. ಅಂಜನಾ ಕರೆಯಲಿಲ್ಲ. ಒಳ್ಳೆಯದೇ ಆಯಿತು. ಕರೆದಿದ್ದರೆ ಅವಳನ್ನು ಜನ್ಮದಲ್ಲಿ ಕ್ಷಮಿಸಲು ಆಗುತ್ತಿರಲಿಲ್ಲ.

ಊರಿಗೆ ಹೊರಟ ಟೆಂಪೊದಲ್ಲಿ ಹಾಡು, ಕೇಕೆ. ಸರ್ ಡ್ರೈವರನ ಪಕ್ಕ ಕೂತು ಯಾರಿಗೋ ಫೋನು ಮಾಡಿ ಎ ಡಿವಿಜನ್, ಎ ಡಿವಿಜನ್ ಎನ್ನುತ್ತಿದ್ದರು. ಸಂಜೆಯ ಬೆಳಕಿನಲ್ಲಿ ರಸ್ತೆಯ ಎರಡೂ ಕಡೆ ಹೊಸ ನಾಟಿಯ ಗದ್ದೆಗಳು ಹಸಿರಾಗಿ ಓಡುತ್ತಿದ್ದವು. ಎರ್ರಿ ಸರೋಜಾಳ ಭುಜಕ್ಕೆ ತಲೆಯಾನಿಸಿದ್ದವಳು ಎದ್ದು ಕೂತು ಕೇಳಿದಳು:

"ಅಲ್ಲಲೇ, ಅವರ ಗೋಲು ಆತಲ್ಲ, ಆವಾಗ ಏನಾತು? ಮೇಡಂ ಕೂಗಿದ್ರು. ನೀ ಹೋಗಲಿಲ್ಲ, ಅದಕ್ಕ ನಾನೂ ಹೋಗಲಿಲ್ಲ."

ಟೆಂಪೊದಲ್ಲಿ ಹಾಡು ಅಷ್ಟರಲ್ಲಿ ನಿಂತಿತ್ತು. ಮುಂದಿನ ಸೀಟಿನಿಂದ ಅಂಜನಾ ತಿರುಗಿ ನೋಡಿದಳು.

"ಕುರುಗೋಡಿನೋರ ಗದ್ದಲದಾಗ ನನ್ನ ಕೂಗು ಕೇಳಿಸಿರಂಗಿಲ್ಲ ಬಿಡು ಎರ್ರಿ," ಎಂದಳು ಮೆಲ್ಲಗೆ. "ನಂದೇ ತಪ್ಪು. ಇನ್ನೂ ಜೋರಾಗಿ ಕೂಗಬೇಕಿತ್ತು."

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇದನ್ನು ಸರೋಜಾಳಿಂದ ತಡೆದುಕೊಳ್ಳಲಾಗಲಿಲ್ಲ. ಜರ್ಸಿ ಅವಳು ಕೊಟ್ಟದ್ದು, ಸಾಲು ಅವಳು ಬಿಟ್ಟುಕೊಟ್ಟದ್ದು, ಈಗ ಮಾನವನ್ನೂ ಅವಳೇ ಕೊಡುತ್ತಾಳೆ! ಇದನ್ನು ತೆಗೆದುಕೊಂಡರೆ ಬದುಕಿಡೀ ಅವಳ ಮುಂದೆ ತಲೆ ಬಗ್ಗಿಸಬೇಕು.

"ಕೇಳಿಸಿತ್ತು," ಎಂದಳು. "ಕೇಳಿಸಿತ್ತು ಎರ್ರಿ. ನಾ ಬೇಕಂತ ನಿಂತೆ."

"ಬೇಕಂತ ಅಂದ್ರ?"

"ಇಕಿ ಕೂಗಿದ್ರ ಯಾರೂ ಏಳಂಗಿಲ್ಲ ಅಂತ ತೋರ್ಸಾಕ."

ಎರ್ರಿ ಅವಳ ಕಾಲಿನ ಕಡೆ ನೋಡಿದಳು. "ನಾ ನಿನ್ನ ಕಾಲು ನಂಬಿ ನಿಂತಿದ್ದೆ," ಎಂದಳು. ಬೈಯಲಿಲ್ಲ. ಎದ್ದು, ಅಲುಗಾಡುವ ಟೆಂಪೊದಲ್ಲಿ ಕಂಬಿ ಹಿಡಿದುಕೊಂಡು ಹಿಂದಿನ ಸೀಟಿಗೆ ಹೋಗಿ ಜಂಬಮ್ಮನ ಪಕ್ಕ ಕೂತಳು.

ತೆಕ್ಕಲಕೋಟೆಯಲ್ಲಿ ಸರ್ ಮಿರ್ಚಿ ಮಂಡಕ್ಕಿಗೆ ಗಾಡಿ ನಿಲ್ಲಿಸಿದರು. ಎಲ್ಲರೂ ಇಳಿದರು. ಸರೋಜಾ ಕಿಟಕಿಗೆ ಆತು ಕೂತೇ ಇದ್ದಳು. ಸ್ವಲ್ಪ ಹೊತ್ತಿಗೆ ಅಂಜನಾ ಕಾಗದದಲ್ಲಿ ಎರಡು ಮಿರ್ಚಿ ಇಟ್ಟುಕೊಂಡು ಬಂದು ಕಿಟಕಿಯಿಂದ ಚಾಚಿದಳು.

"ಎರ್ರಿ ಮಾತು ಬಿಟ್ಟಾಳೇನು?"

"ಹೂಂ."

"ನಂಗ ಖುಷಿ ಆಗಾಕತ್ತೈತಿ. ಸುಳ್ಳು ಯಾಕ ಹೇಳ್ಲಿ." ಅಂಜನಾ ನಗಲಿಲ್ಲ. "ನೀ ಕಾಲು ಎತ್ತಿದ್ರ ಮಂದಿ ಬರ್ತಾರ. ನಾ ಅಪ್ಪನ ಕೈಲಿ ಜರ್ಸಿ ಹೊಲಿಸಿ, ಕೂಗಿ ಕೂಗಿ ಕರೀಬೇಕು. ಹಿಡಿ, ಆರಿಹೋಗ್ತಾವು."

ಸರೋಜಾ ಹಿಡಿದಳು. ಏನಾದರೂ ಹೇಳಬೇಕಿತ್ತು. "ಆ ತಲೀಲೆ ಹೊಡೆದದ್ದು..." ಎಂದು ನಿಲ್ಲಿಸಿ, "ಚಲೋ ಇತ್ತು," ಎಂದಳು. ಕಾಲಿನ ಮುಳ್ಳು ಕಿತ್ತಷ್ಟು ನೋವಾಯಿತು.

"ಗೊತ್ತೈತಿ," ಎಂದು ಅಂಜನಾ ಹೊರಟುಹೋದಳು.

ಅಂಗಡಿಯ ಮುಂದಿನ ಬೆಂಚಿನಲ್ಲಿ ಎರ್ರಿ, ಜಂಬಮ್ಮ ಕೂತಿದ್ದರು. ಅಂಜನಾ ಹೋಗಿ ಪಕ್ಕದಲ್ಲಿ ಕೂತಳು. ಎರ್ರಿ ಏನೋ ಕೇಳಿದಳು, ಅಂಜನಾ ಹಣೆ ಮುಟ್ಟಿ ತೋರಿಸಿದಳು, ಮೂವರೂ ನಕ್ಕರು. ಮಿರ್ಚಿ ಬಾಯಿ ಸುಡುತ್ತಿತ್ತು. ಸರೋಜಾ ನೋಡುತ್ತ ಪೂರ್ತಿ ತಿಂದಳು. ಆಮೇಲೆ ಟೆಂಪೊ ಇಳಿದು, ಕಾಗದ ಮುದುರಿ ಎಸೆದು, ನೇರ ಬೆಂಚಿನ ಹತ್ತಿರ ಹೋಗಿ ನಿಂತಳು.

"ಸ್ವಲ್ಪ ಸರೀಲೇ ಎರ್ರಿ, ನಾನೂ ಕೂಡ್ತೀನಿ," ಎಂದಳು.

ಎರ್ರಿ ಅವಳ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟಳು. ಆಮೇಲೆ ಒಂದು ಗೇಣಿನಷ್ಟು ಸರಿದಳು, ಅಂಜನಾಳ ಕಡೆಗೆ.